ಮಲಗುವ ಯಂತ್ರ, ನಿಲ್ಲುವ ಯಂತ್ರ

ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಲಿಲ್ಲ. ಪಂಪಣ್ಣ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಬಂದು, ದೀಪ ಹಾಕದೆ ಹಾಗೇ ನಿಂತು ಕಿವಿಗೊಟ್ಟ. ಗೋಡೆಯೆಂದರೆ ಇಟ್ಟಿಗೆಯ ಗೋಡೆಯಲ್ಲ, ಪ್ಲೈವುಡ್ಡಿನ ಹಲಗೆ. ಗಂಗಾವತಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಾಲಕ್ಕೆ ಒಂದೇ ಆಗಿದ್ದ ಅಂಗಡಿಯನ್ನು ಆ ಹಲಗೆ ಎರಡು ಮಾಡಿತ್ತು. ಈ ಕಡೆ ಪಂಪಣ್ಣನ ಫೋಟೋ ಕಟ್ಟು ಹಾಕುವ ಅಂಗಡಿ, ಆ ಕಡೆ ಅಜೀಮನ ಫೋಟೋ ಕಟ್ಟು ಹಾಕುವ ಅಂಗಡಿ. ಇಬ್ಬರ ನಡುವೆ ಮಾತು ನಿಂತು ಏಳೆಂಟು ವರ್ಷವಾಗಿತ್ತು. ಆದರೆ ಹಲಗೆ ಮಾತು ಬಿಟ್ಟಿರಲಿಲ್ಲ. ಅಜೀಮ ಬೆಳಿಗ್ಗೆ ಬಂದು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು, ಊದುಬತ್ತಿಗೆ ಕಡ್ಡಿ ಗೀರುವುದು, ರಟ್ಟಿನ ಹಾಳೆಯನ್ನು ಮೇಜಿನ ಮೇಲೆ ಎಳೆದುಕೊಳ್ಳುವುದು, ಆಮೇಲೆ ಆ ರಟ್ಟಿನಲ್ಲಿ ಫೋಟೋ ಕಾಣುವಷ್ಟು ಕಿಡಕಿ ಕೊರೆಯುವುದು, ಎಲ್ಲವೂ ಮಗ್ಗುಲಲ್ಲೇ ನಡೆದಂತೆ ಕೇಳಿಸುತ್ತಿತ್ತು. ಕಿಡಕಿಗೆ ನಾಲ್ಕು ಬದಿ. ಅಜೀಮನ ಚಾಕು ನಾಲ್ಕು ಸಲ ಸರ್ ಎನ್ನುತ್ತಿತ್ತು, ಐದನೆಯ ಸಲ ಎಂದೂ ಇಲ್ಲ. ನಡುವಿನ ತುಂಡು ತಾನಾಗಿಯೇ ಕಳಚಿ ಪಟ್ ಎಂದು ಬೀಳುತ್ತಿತ್ತು. ಪಂಪಣ್ಣನ ಚಾಕು ಒಂದೇ ಬದಿಗೆ ಎರಡು ಮೂರು ಸಲ ಓಡಾಡಬೇಕು; ಮೂಲೆಯಲ್ಲಿ ನಿಲ್ಲದೆ ಮುಂದಕ್ಕೆ ಜಾರಿ ಗೆರೆ ಬಿಡುತ್ತದೆ; ಆ ಗೆರೆಗೆ ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ಮೆತ್ತಬೇಕು. ಎರಡನೆಯ ಸಲ ಚಾಕು ಎಳೆಯುವ ಮೊದಲು ಅವನು ರೇಡಿಯೋ ಜೋರು ಮಾಡುತ್ತಿದ್ದ, ಆಚೆಗೆ ಕೇಳಬಾರದೆಂದು. ಹಾಗೆ ಜೋರು ಮಾಡಿದಾಗೆಲ್ಲ ಆಚೆಯ ಕಡೆ ಒಂದು ಗಳಿಗೆ ಎಲ್ಲ ಸದ್ದೂ ನಿಂತುಬಿಡುತ್ತಿತ್ತು. ಅಜೀಮ ನಗುತ್ತಿದ್ದಾನೆಂದು ಪಂಪಣ್ಣನ ಅನುಮಾನ.

ಇವತ್ತು ಅಜೀಮ ಬರುವ ಮೊದಲೇ ಊರು ಬಿಡಬೇಕೆಂದು ಬಂದವನಿಗೆ, ಅಜೀಮ ಬಂದಿಲ್ಲವೆಂಬುದೇ ಒಂದು ಕಸಿವಿಸಿಯಾಯಿತು. ಮೇಜಿನ ಕೆಳಗಿನಿಂದ ಬಣ್ಣದ ಜಾಹೀರಾತಿನ ಹಾಳೆಯನ್ನು ತೆಗೆದು ಕಿಸೆಗೆ ಸೇರಿಸಿದ. ಹುಬ್ಬಳ್ಳಿಯ ಯಾವುದೋ ಕಂಪನಿಯವರು ಕೊಪ್ಪಳದಲ್ಲಿ, ಸ್ಟೇಷನ್ ರಸ್ತೆಯ ಲಾಡ್ಜೊಂದರ ಮೀಟಿಂಗ್ ಹಾಲಿನಲ್ಲಿ, ರಟ್ಟಿಗೆ ಕಿಡಕಿ ಕೊರೆಯುವ ಕಂಪ್ಯೂಟರ್ ಯಂತ್ರಗಳನ್ನು ತೋರಿಸುತ್ತಾರಂತೆ. ಕಟ್ಟು ಹಾಕುವವರೆಲ್ಲ ಬರಬಹುದು, ಊಟ ಅವರದೇ. ಹಾಳೆಯಲ್ಲಿ ಎರಡು ಯಂತ್ರಗಳ ಚಿತ್ರ. ಒಂದು ಕಪಾಟಿನಂತೆ ಗೋಡೆಗೆ ಆತು ನಿಲ್ಲುವುದು, ಇನ್ನೊಂದು ಮಂಚದಂತೆ ಮಲಗುವುದು. ನಿಲ್ಲುವುದನ್ನು ತನ್ನ ಅಂಗಡಿಯ ಹಿಂಗೋಡೆಗೆ ಕಣ್ಣಿನಲ್ಲೇ ಎಷ್ಟು ಸಲ ನಿಲ್ಲಿಸಿ ನೋಡಿದ್ದನೋ. ಮನೆಯಲ್ಲಿ ಮಾತ್ರ ತಾವರಗೇರಾಕ್ಕೆ ಹೋಗುತ್ತೇನೆಂದು ಹೇಳಿದ್ದ. ಸೋದರತ್ತೆಯ ಮಗಳಿಗೆ ಹುಷಾರಿಲ್ಲ, ಮಾತಾಡಿಸಿ ಬರಬೇಕು ಎಂದು. ಹೆಂಡತಿ ಕಳಕಮ್ಮ ಅವನ ಅಂಗಿಯನ್ನೇ ನೋಡುತ್ತ ನಿಂತಿದ್ದಳು.

"ತಾವರಗೇರಿಗೆ ಹೋಗಾಕ ಇಸ್ತ್ರಿ ಅಂಗಿ ಯಾಕ ಬೇಕಾತು?"

"ಅಲ್ಲೂ ಮನಷ್ಯಾರ ಇರ್ತಾರ."

ಕಳಕಮ್ಮ ಒಳಗೆ ಹೋಗಿದ್ದಳು. ಈ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಅವನಿಗೆ ಭಯ. ಅಜೀಮನ ಹೆಂಡತಿ ತಾಜಬೀ ಅವಳ ಜೀವದ ಗೆಳತಿ. ಗಂಡಂದಿರು ಮಾತು ಬಿಟ್ಟ ದಿನವೂ ಈ ಇಬ್ಬರು ಕೂಡಿಯೇ ಸಂತೆಗೆ ಹೋಗಿ, ಒಂದೇ ಚೀಲದಲ್ಲಿ ಬದನೆಕಾಯಿ ತಂದು ಹಂಚಿಕೊಂಡಿದ್ದರು.

ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಕ್ಕಿಗಿರಣಿಗಳ ಬೆಂದ ಭತ್ತದ ವಾಸನೆ ಊರಾಚೆಗೂ ಬಸ್ಸಿನ ಜೊತೆ ಬಂತು. ಕಾಲುವೆ, ನಾಟಿ ಮಾಡಿದ ಗದ್ದೆ, ಗದ್ದೆಯ ನೀರಿನಲ್ಲಿ ತಲೆಕೆಳಗಾದ ಬಂಡೆಗುಡ್ಡ. ಅಂಚಿಲ್ಲದ ಈ ಹಸಿರಿಗೆ ಕಟ್ಟು ಹಾಕುವುದಾದರೆ ಯಾವ ಬಣ್ಣದ ಪಟ್ಟಿ ಹೊಂದೀತು ಎಂದು ಅವನ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಪಟ್ಟಿ ಅವನ ಕೆಲಸ. ಕಟ್ಟಿಗೆಯ ಪಟ್ಟಿಯನ್ನು ಓರೆಯಾಗಿ ಕೊಯ್ದು ನಾಲ್ಕು ಮೂಲೆ ಕೂಡಿಸಿದರೆ ಕೂದಲೆಳೆ ತೂರದು. ಒಂದೇ ಅಂಗಡಿಯಿದ್ದಾಗ ರಟ್ಟು ಅಜೀಮನದು, ಮೂಲೆ ಇವನದು. ಅವನು ಕಿಡಕಿ ಕೊರೆದು ನೋಡದೆಯೇ ಹಿಂದಕ್ಕೆ ಚಾಚಿದರೆ ಇವನು ನೋಡದೆಯೇ ಹಿಡಿಯುತ್ತಿದ್ದ. ಹಲಗೆ ಎದ್ದ ಮೇಲೆ ಇಬ್ಬರೂ ಇನ್ನೊಬ್ಬನ ಕೆಲಸವನ್ನೂ ತಾವೇ ಮಾಡಬೇಕಾಯಿತು. ವಿರೂಪಾಪುರಗಡ್ಡೆಯಲ್ಲಿ ಪರದೇಶದವರಿಗೆ ಕೋಣೆ ಬಾಡಿಗೆ ಕೊಡುವ ತಿರುಪತಿ, ಕಿನ್ನಾಳದ ಚಿತ್ರಗಳಿಗೆ ಕಟ್ಟು ಹಾಕಿಸಲು ಬಂದವನು, ಯಾರಿಗೂ ಬೇಸರವಾಗದಿರಲೆಂದು ಅರ್ಧ ಇಲ್ಲಿ, ಅರ್ಧ ಅಲ್ಲಿ ಕೊಟ್ಟಿದ್ದ. ಒಯ್ಯುವಾಗ ಎರಡನ್ನೂ ಬೀದಿಯಲ್ಲಿ ಜೋಡಿಸಿಟ್ಟು, "ಅಲ್ಲಿದು ಕಿಡಕಿ ಮುತ್ತಿನಂಗ ಐತಿ, ಮೂಲಿ ಬಾಯಿ ಬಿಟ್ಟೈತಿ. ಇಲ್ಲಿದು ಮೂಲಿ ಛಲೋ ಐತಿ, ಕಿಡಕಿ ಸೊಟ್ಟ. ನೀವಿಬ್ರೂ ಕೂಡಿ ಒಬ್ಬ ಮನಷ್ಯಾ ನೋಡ್ರಿ" ಎಂದು ನಕ್ಕಿದ್ದ. ಆ ಮಾತು ಹಲಗೆಯ ಎರಡೂ ಕಡೆ ಕೇಳಿಸಿತ್ತು. ಆ ದಿನ ರೇಡಿಯೋ ಸಂಜೆಯವರೆಗೂ ಜೋರಾಗಿಯೇ ಇತ್ತು.

ಬೂದಗುಂಪಾ ಕ್ರಾಸು ದಾಟುವಾಗ ಅವನಿಗೆ ತಾನು ಕೊಳ್ಳಹೊರಟದ್ದು ಏನೆಂದು ಒಮ್ಮೆಲೇ ತಿಳಿಯಿತು. ಅವನು ಅಜೀಮನನ್ನು ಕೊಳ್ಳಲು ಹೊರಟಿದ್ದ. ಮುನಿಸಿಕೊಳ್ಳದ, ಕೆಮ್ಮದ, ಗಿರಾಕಿಯ ಎದುರು ಎದುರಾಡದ, ಬೇಕೆಂದಾಗ ಗುಂಡಿ ಒತ್ತಿ ನಿಲ್ಲಿಸಬಹುದಾದ ಅಜೀಮ. ಅಷ್ಟು ಯೋಚಿಸಿ ನಗು ಬಂತು. ನಗು ಮುಗಿಯುವುದರೊಳಗೆ ಮುಂದಿನದೂ ಕಣ್ಣಿಗೆ ಕಟ್ಟಿತು. ಯಂತ್ರ ಬಂದಮೇಲೆ ತನ್ನ ಕಿಡಕಿಯೂ ಮುತ್ತು, ಮೂಲೆಯೂ ಮುತ್ತು. ಆಚೆ ಕಡೆಗೆ ಯಾರು ಹೋಗುತ್ತಾರೆ? ಮೊದಲು ಅಜೀಮನ ರಟ್ಟಿನ ಸದ್ದು ಕಡಿಮೆಯಾಗುತ್ತದೆ. ಆಮೇಲೆ ಕಡ್ಡಿ ಗೀರುವ ಸದ್ದು, ಆಮೇಲೆ ಕೆಮ್ಮು. ಒಂದು ಬೆಳಿಗ್ಗೆ ಆಚೆಯ ಶಟರು ಏಳುವುದೇ ಇಲ್ಲ. ತಾನು ಹಲಗೆಗೆ ಕಿವಿಯಾನಿಸಿ ನಿಂತಿರುತ್ತಾನೆ, ಒಳಗೆ ಯಂತ್ರವೊಂದೇ ಗುಂಯ್‌ಗುಡುತ್ತಿರುತ್ತದೆ. ಪಂಪಣ್ಣ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ಕ್ರಾಸಿನಲ್ಲಿ ಇಳಿದು ವಾಪಸು ಹೋಗಬಹುದು ಎಂದುಕೊಂಡ. ಕ್ರಾಸು ಬಂತು, ಹೋಯಿತು, ಅವನು ಇಳಿಯಲಿಲ್ಲ.

ಲಾಡ್ಜಿನ ಹಾಲಿನ ಬಾಗಿಲಲ್ಲಿ ಯಾರೋ ಗುಲಾಬಿ ನೀರು ಚಿಮುಕಿಸಿದರು. ಕುರ್ಚಿಗಳಿಗೆಲ್ಲ ಬಿಳಿಯ ಬಟ್ಟೆ ತೊಡಿಸಿದ್ದರು, ಕುಳಿತರೆ ಮಾಸೀತೆನ್ನುವಷ್ಟು ಬಿಳಿ. ಉಗುರುಸಂದಿಯಲ್ಲಿ ಒಣಗಿದ ಗೋಂದು ಕಾಣದಂತೆ ಕೈ ಕಟ್ಟಿಕೊಂಡು ಅವನು ಹಿಂದಿನ ಸಾಲಿನಲ್ಲಿ ಕುಳಿತ. ಎದುರಿಗೆ ಎರಡು ಯಂತ್ರಗಳು. ಚಿತ್ರದಲ್ಲಿ ಕಂಡದ್ದಕ್ಕಿಂತ ದೊಡ್ಡವು. ಮಲಗಿದ್ದು ನಿಜಕ್ಕೂ ದಂಪತಿ ಮಲಗುವ ಮಂಚದಷ್ಟಿತ್ತು. ಅವುಗಳ ನಡುವೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಹುಡುಗಿ ತನ್ನ ಹೆಸರು ಕವಿತಾ ಎಂದಳು, ಯಂತ್ರವನ್ನು ತೋರಿಸುವುದು ತನ್ನ ಕೆಲಸವೆಂದಳು. ಶುರುವಾಗುವ ಮೊದಲು ಹತ್ತಿರದಿಂದ ನೋಡೋಣವೆಂದು ಪಂಪಣ್ಣ ಎದ್ದು ಹೋಗಿ, ಎಲ್ಲ ಕೆಲಸಗಾರರೂ ಮಾಡುವಂತೆ, ನಿಂತ ಯಂತ್ರದ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಅಂಕಲ್, ಮುಟ್ಟಬ್ಯಾಡ್ರಿ. ಕಲೆ ಬೀಳತೈತಿ."

ಅವಳು ಮೆತ್ತಗೆ ಹೇಳಿದ್ದಳು. ಆದರೂ ಹಾಲಿನ ಎಲ್ಲ ತಲೆಗಳೂ ತನ್ನ ಹೆಬ್ಬೆರಳನ್ನೇ ನೋಡಿದವೆಂದು ಅವನಿಗೆ ಅನ್ನಿಸಿತು. ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ತಿರುಗಿದ. ಮುಂದಿನ ಸಾಲಿನ ತುದಿಯಲ್ಲಿ, ಬಿಳಿ ಬಟ್ಟೆಯ ಕುರ್ಚಿಯ ಅಂಚಿಗೆ ಮಾತ್ರ ಆತುಕೊಂಡು, ಈದ್ ಹಬ್ಬಕ್ಕೆ ಹಾಕುವ ಅಂಗಿ ತೊಟ್ಟು ಅಜೀಮ ಕುಳಿತಿದ್ದ.

ಇಬ್ಬರ ಕಣ್ಣೂ ಕೂಡಿದವು, ಕೂಡಿದ್ದೇ ತಡ ಬೇರೆಯಾದವು. ಅಜೀಮ ಯಂತ್ರವನ್ನು ನೋಡತೊಡಗಿದ, ಪಂಪಣ್ಣ ಛಾವಣಿಯ ಫ್ಯಾನನ್ನು. ಪಂಪಣ್ಣ ತನ್ನ ಜಾಗಕ್ಕೆ ಮರಳಿ ಕುಳಿತ. ಇವನು ಯಾಕೆ ಬಂದ? ಇವನಿಗೇಕೆ ಯಂತ್ರ? ನಾಲ್ಕೇ ಸಲಕ್ಕೆ ಮುತ್ತಿನಂಥ ಕಿಡಕಿ ಕೊರೆಯುವ ಕೈ ಮಣಿಕಟ್ಟಿನಲ್ಲೇ ಇರುವಾಗ? ನನ್ನನ್ನು ಮುಳುಗಿಸಲು ಬಂದಿದ್ದಾನೆ ಎಂದುಕೊಂಡ. ಸಿಟ್ಟು ಬಂತು. ತಾನೂ ಅದಕ್ಕೇ ಬಂದವನಲ್ಲವೇ ಎಂದು ಮರುಗಳಿಗೆ ನೆನಪಾಗಿ ಸಿಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ಒಳಗೊಳಗೇ ಅಲೆದಾಡಿತು. ಅಜೀಮನ ಹಿಂದಲೆ ಪೂರ್ತಿ ನೆರೆತಿತ್ತು. ಏಳೆಂಟು ವರ್ಷ ಅವನ ಸದ್ದನ್ನಷ್ಟೇ ಕೇಳಿದವನಿಗೆ ಸದ್ದಿಗೆ ವಯಸ್ಸಾಗುವುದು ಗೊತ್ತಾಗಿರಲಿಲ್ಲ. ಓಣಿಯಲ್ಲಿ ಎದುರಾದರೆ ಇಬ್ಬರೂ ಅಂಗಡಿಯ ಬೋರ್ಡು ಓದುವವರಂತೆ ಮೇಲೆ ನೋಡುತ್ತ ಹೋಗುತ್ತಿದ್ದರಲ್ಲ. ಕತ್ತು ಎಷ್ಟು ತೆಳ್ಳಗಾಗಿದೆ. ಮೊದಲು ಈ ಕತ್ತಿನ ಮೇಲೆ ಕೈಯಿಟ್ಟು ದಬ್ಬಿ, ಸಿನಿಮಾ ಟಿಕೇಟಿನ ಸಾಲಿನಲ್ಲಿ ಮುಂದೆ ನುಗ್ಗಿಸುತ್ತಿದ್ದೆ. ತೆಳ್ಳಗಿದ್ದವನು ನುಗ್ಗಲಿ ಎಂದು. ಆಗಲೂ ತೆಳ್ಳಗೇ ಇದ್ದನಲ್ಲ, ಎಂದು ಪಂಪಣ್ಣ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಕವಿತಾ ಗುಂಡಿ ಒತ್ತಿದಳು. ನಿಂತ ಯಂತ್ರದ ಹೊಟ್ಟೆಯಲ್ಲಿ ಸಣ್ಣ ಚಾಕೊಂದು ಓರೆಯಾಗಿ ರಟ್ಟಿಗಿಳಿದು ಸುಯ್ ಎಂದು ಓಡಿತು, ಮೂಲೆಗೆ ಬಂದು ನಿಂತಿತು, ಎದ್ದಿತು, ತಿರುಗಿತು, ಮತ್ತೆ ಇಳಿಯಿತು. ಅವಳು ರಟ್ಟನ್ನು ಎತ್ತಿ ತೋರಿಸಿದಾಗ ನಡುವಿನ ತುಂಡು ಕಳಚಿ ಅವಳ ಅಂಗೈಗೆ ಬಿತ್ತು. ಹಾಲಿನಲ್ಲಿ ಎಲ್ಲರೂ ಹಾ ಎಂದರು. ಮಲಗಿದ ಯಂತ್ರಕ್ಕೆ ಇಡೀ ಹಾಳೆ ಹಾಸಿ ಮೊಟ್ಟೆಯಾಕಾರದ ಕಿಡಕಿ, ದುಂಡು ಕಿಡಕಿ, ಒಂದರೊಳಗೊಂದು ಕಿಡಕಿ, ಎಲ್ಲ ಒಂದೇ ಹೊಡೆತಕ್ಕೆ ಕೊರೆದು ತೋರಿಸಿದಳು. "ಯಾರಿಗರೆ ಏನಾರ ಕೇಳೂದೈತೇನ್ರಿ?" ಎಂದಳು. ಯಾರೋ ಕರೆಂಟು ಹೋದರೆ ಏನು ಗತಿ ಎಂದರು. ಯಾರೋ ಚಾಕು ಎಲ್ಲಿ ಸಿಗುತ್ತದೆ ಎಂದರು. ಆಮೇಲೆ ಅಜೀಮ ನಿಧಾನ ಎದ್ದು ನಿಂತ. ಒಮ್ಮೆ ಕೆಮ್ಮಿದ. ಬೆಳಿಗ್ಗೆಯಿಂದ ಯಾವುದಕ್ಕೆ ಕಾಯುತ್ತಿದ್ದೆನೆಂದು ಆ ಕೆಮ್ಮು ಕೇಳಿದಾಗಲೇ ಪಂಪಣ್ಣನಿಗೆ ಗೊತ್ತಾಯಿತು.

"ಇದು ಮೂಲಿ ಕೂಡಸತೈತೇನ್ರಿ?"

ಕವಿತಾಳಿಗೆ ತಿಳಿಯಲಿಲ್ಲ. "ಎಂಥಾ ಮೂಲಿ ಅಂಕಲ್?"

"ಕಟ್ಟಿನ ಮೂಲಿ. ಕಟ್ಟಿಗಿ ಪಟ್ಟಿ ಕೂಡಸ್ತೀವಲ್ರಿ, ಆ ಮೂಲಿ. ಕಂಪ್ಯೂಟರ್ ಮಶೀನ್ ಅಂದ್ರ ಅದೂ ಮಾಡತೈತಿ ಅಂತ ನಾ..." ಅವನ ದನಿ ಇಳಿಯಿತು. "ನನಗ ರಟ್ಟಿಂದು ತ್ರಾಸಿಲ್ರಿ. ಮೂಲಿ ಕೂಡವಲ್ದು."

"ಇಲ್ರಿ ಅಂಕಲ್, ಇದು ರಟ್ಟಷ್ಟ ಕೊರಿತೈತಿ. ಮೂಲಿಗೆ ಮನಷ್ಯಾನ ಬೇಕು."

ಪಂಪಣ್ಣನ ಹೊಟ್ಟೆಯಿಂದ ಏನೋ ಮೇಲೆ ಬಂತು. ಅದು ಅಳುವೆಂದು ಅವನು ಮೊದಲು ಹೆದರಿದ. ಬಾಯಿಗೆ ಬರುವಷ್ಟರಲ್ಲಿ ನಗುವಾಗಿತ್ತು. ತಡೆಯಲು ಹೋದರೆ ಮೂಗಿನಿಂದ ಹೊರಟಿತು. ತಾನು ಅಜೀಮನನ್ನು ಕೊಳ್ಳಲು ಬಂದರೆ ಅಜೀಮ ತನ್ನನ್ನು ಕೊಳ್ಳಲು ಬಂದಿದ್ದ. ಇಸ್ತ್ರಿ ಅಂಗಿ ಹಾಕಿಕೊಂಡು, ಒಬ್ಬರಿಗೊಬ್ಬರು ಹೇಳದೆ, ಬಹುಶಃ ಒಂದರ ಹಿಂದೊಂದು ಬಸ್ಸಿನಲ್ಲಿ. ಬಿಳಿ ಕುರ್ಚಿಯ ಬೆನ್ನನ್ನು ಗೋಂದಿನ ಕೈಯಿಂದ ಹಿಡಿದು ಅವನು ಮೈಯೆಲ್ಲ ಅಲುಗುವಂತೆ ನಗತೊಡಗಿದ. ಎಲ್ಲರೂ ತಿರುಗಿದರು. ಅಜೀಮನ ಮುಖ ಕೆಂಪಾಗಿತ್ತು.

"ಯಾಕ್ರಿ ನಗಾಕತ್ತೀರಿ?" ಎಂದ ಅಜೀಮ.

ಆ 'ರಿ' ಪಂಪಣ್ಣನಿಗೆ ಕಪಾಳಕ್ಕೆ ಬಿದ್ದಂತೆ ನಾಟಿತು. ಚಡ್ಡಿ ಹಾಕುವ ಕಾಲದಿಂದ ಲೇ ಎಂದು ಕರೆದವನು, ಹೊರಗಿನವರಿಗೆ ಕೊಡುವ ಮರ್ಯಾದೆಯನ್ನು ಜನ ತುಂಬಿದ ಹಾಲಿನಲ್ಲಿ ಎತ್ತಿ ಕೊಟ್ಟಿದ್ದ. ನಗು ನಿಂತಿತು.

"ಏನಿಲ್ಲ ಬಿಡ್ರಿ. ನಿಮ್ಮ ಮೂಲಿಯೊಳಗ ಇರುವಿ ಸಂಸಾರ ಮಾಡ್ತಾವಂತ ಕೇಳಿದ್ದೆ. ಇವತ್ತ ಖರೆ ಆತು."

"ಹೌದ್ರಿ ಮಾಡ್ತಾವ. ನಿಮ್ಮ ಕಿಡಕಿ ಸೊಟ್ಟ ಅಂತ ಅಲ್ಲಿಂದ ಗುಳೆ ಎದ್ದು ನನ್ನ ಕಡೆ ಬಂದಾವ."

"ಗಿರಾಕಿ ಮುಂದ ನನ್ನ ಮರ್ಯಾದಿ ತಗದಾವ್ರು ನೀವು!"

"ನಾ ತಗದ್ನ್ಯಾ? ಆ ಕಾರಟಗಿ ಟೀಚರಮ್ಮನ ಮುಂದ ನನಗ ಕಣ್ಣ ನೆತ್ತಿ ಮ್ಯಾಲ ಹೋಗ್ಯಾವ ಅಂದಾವ್ರು ಯಾರು?"

"ಯಾವ ಟೀಚರಮ್ಮ? ಪೊಲೀಸಪ್ಪ ಇದ್ದ ಅವತ್ತ. ಪೊಲೀಸಪ್ಪನ ಮದವಿ ಫೋಟೋ."

"ಟೀಚರಮ್ಮ!"

"ಪೊಲೀಸಪ್ಪ!"

"ಲೇ ಪಂಪಾ, ನಿನ್ನ ತಲಿ ಎಲ್ಲೈತಿ? ಪೊಲೀಸಪ್ಪ ಬಂದಿದ್ದು ಗಣಪತಿ ಹಬ್ಬದಾಗ. ನಾವು ಜಗಳಾಡಿದ್ದು ಬ್ಯಾಸಿಗ್ಯಾಗ. ಕರೆಂಟಿರಲಿಲ್ಲ, ನೀ ರಟ್ಟಿಲೆ ಗಾಳಿ ಹಾಕ್ಕೊಂಡು ಬೈದಿ ನನಗ, ನನಗಿನ್ನೂ ಕಣ್ಣಾಗ ಕಟ್ಟೇತಿ!"

ಲೇ ಎಂದದ್ದು ಅಜೀಮನಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಬಾಯಿ ತೆರೆದೇ ನಿಂತ. ಕವಿತಾ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಒಬ್ಬರಿಂದ ಒಬ್ಬರಿಗೆ ನೋಡುತ್ತಿದ್ದಳು. "ಅಂಕಲ್, ಊಟ ತಯಾರೈತ್ರಿ, ಊಟ ಮಾಡ್ರಿ ಮೊದಲ" ಎಂದಳು, ಮಕ್ಕಳಿಗೆ ಹೇಳುವಂತೆ.

ಅವರು ಆ ಊಟಕ್ಕೆ ನಿಲ್ಲಲಿಲ್ಲ. ಯಾರು ಮೊದಲು ಹೊರಗೆ ಹೊರಟರೋ, ಯಾರು ಹಿಂದೆ ಬಂದರೋ, ರಸ್ತೆಯ ಆಚೆ ಬದಿಯ ತಳ್ಳುಗಾಡಿಯ ಮುಂದೆ ಇಬ್ಬರ ಕೈಯಲ್ಲೂ ಒಗ್ಗರಣಿ ಮಂಡಕ್ಕಿಯ ತಟ್ಟೆ, ತಟ್ಟೆಯ ಮೇಲೆ ಬಿಸಿ ಮಿರ್ಚಿ. ಜಗಳ ಮಂಡಕ್ಕಿಯ ಜೊತೆಗೇ ನಡೆದಿತ್ತು. ಟೀಚರಮ್ಮ, ಪೊಲೀಸಪ್ಪ, ಯಾರ ಫೋಟೋ, ಯಾರ ತಪ್ಪು, ಹಲಗೆ ಹಾಕಿಸಲು ಮಾಲೀಕರ ಹತ್ತಿರ ಮೊದಲು ಹೋದವರು ಯಾರು. ಇಷ್ಟು ವರ್ಷ ಒಬ್ಬೊಬ್ಬನೇ ತಲೆಯೊಳಗೆ ಆಡಿ ಆಡಿ ಹದಗೊಳಿಸಿಟ್ಟಿದ್ದ ಮಾತುಗಳು. ತಲೆಯೊಳಗಿದ್ದಾಗ ಅವು ಎಷ್ಟು ಚೂಪಾಗಿದ್ದವು, ಹೊರಗೆ ಬಂದದ್ದೇ ಹೇಗೆ ಮೊಂಡಾದವು ಎಂದು ಪಂಪಣ್ಣನಿಗೆ ಅಚ್ಚರಿ. ಒಂದೊಂದು ಬಾಣ ಬಿಟ್ಟಾಗಲೂ ಮೈ ಹಗುರಾಗುತ್ತಿತ್ತು. ಮೆಣಸಿನಕಾಯಿ ಖಾರಕ್ಕೆ ಇಬ್ಬರ ಕಣ್ಣಲ್ಲೂ ಮೂಗಲ್ಲೂ ನೀರು. ಖಾರಕ್ಕೇ ಎಂದು ಇಬ್ಬರೂ ಒಪ್ಪಿಕೊಂಡಂತಿತ್ತು.

"ಖರೆ ಹೇಳು," ಎಂದ ಅಜೀಮ, ಬಾಯಿ ಊದಿಕೊಳ್ಳುತ್ತ, "ನೀ ನನ್ನ ಮುಳಗಸಾಕ ಬಂದಿದ್ದಿ ಹೌದಿಲ್ಲೋ?"

ಪಂಪಣ್ಣ ಮಿರ್ಚಿಯನ್ನು ತಟ್ಟೆಗಿಟ್ಟ.

"ಹೌದು."

"ನಾನೂ ಅದಕ್ಕ ಬಂದಿದ್ದೆ," ಎಂದು ಅಜೀಮ ಸಂತೋಷದಿಂದ ಹೇಳಿದ. "ಮೂಲಿ ಕೂಡಸೋ ಮಶೀನ್ ತಂದು ಇಡ್ತೀನಿ, ಹಲಗಿ ಆಚೆ ಇವನ ಎದಿ ಒಡೀಲಿ ಅಂತ. ಇನ್ನೊಂದ ಮಿರ್ಚಿ ಹಾಕಸ್ಕೋ."

ಇನ್ನು ಯಂತ್ರದ ಮಾತೇ ಇಲ್ಲ ಎಂದುಕೊಂಡಿದ್ದ ಪಂಪಣ್ಣ. ಕೈ ತೊಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರೆ ಅಜೀಮ ಲಾಡ್ಜಿನ ಕಡೆ ನಡೆಯುತ್ತಿದ್ದ. ಪಂಪಣ್ಣನೂ ಹಿಂದೆಯೇ ಹೋದ. ಹಾಲಿನಲ್ಲಿ ಜನವಿರಲಿಲ್ಲ, ಎಲ್ಲರೂ ಊಟದಲ್ಲಿದ್ದರು. ಕವಿತಾ ಒಬ್ಬಳೇ ಬಿದ್ದ ರಟ್ಟಿನ ತುಂಡುಗಳನ್ನು ಆರಿಸುತ್ತಿದ್ದಳು. ಅಜೀಮ ಮಲಗಿದ ಯಂತ್ರದ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅದರ ಕೆಳಗೆ ನೋಡಿದ. ಮುಟ್ಟಬಾರದೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಅವನು ಹೀಗೆ ಕೈಕಟ್ಟಿ ನೋಡುತ್ತಿದ್ದುದನ್ನು ಪಂಪಣ್ಣ ಒಂದೇ ಸಲ ಕಂಡಿದ್ದ, ತಾಜಬೀಯನ್ನು ನೋಡಲು ಕುಷ್ಟಗಿಗೆ ಹೋದ ದಿನ. ಜೊತೆಗೆ ಹೋದವನು ತಾನೇ. ಹುಡುಗಿ ಒಪ್ಪಿಗೆಯೇನೋ ಎಂದು ಹಿರಿಯರು ಕೇಳಿದಾಗ ಅಜೀಮನಿಗೆ ಬಾಯಿ ಬರದೆ ಪಂಪಣ್ಣನೇ ಹೂಂ ಎಂದಿದ್ದ.

"ಬಳ್ಳಿ ಕೊರಿತೈತೇನವಾ ಇದು? ಹೂವು, ಬಳ್ಳಿ?"

ಕವಿತಾ ಕಿರುಬೆರಳಷ್ಟು ಸಣ್ಣ ಪೆನ್ಸಿಲನ್ನೂ ಹಾಳೆಯನ್ನೂ ಅವನ ಮುಂದಿಟ್ಟಳು. "ನೀವ ಬರದು ಕೊಡ್ರಿ ಅಂಕಲ್, ಕೊರಸೋಣ."

ಅಜೀಮ ಬರೆದ. ಕಿಡಕಿಯ ಅಂಚಿನಿಂದಲೇ ಹುಟ್ಟಿ ಮೂಲೆಗೆ ಏರಿ ಅಲ್ಲಿ ಸುರುಳಿ ಬಿಚ್ಚುವ ಒಂದು ಬಳ್ಳಿ, ಬಳ್ಳಿಗೆ ಕಿನ್ನಾಳದ ಗೊಂಬೆಯ ತೊಟ್ಟಿಲ ಮೇಲೆ ಬರೆದಿರುತ್ತಾರಲ್ಲ ಅಂಥ ಮೊಗ್ಗು. ತಡವರಿಸಲೇ ಇಲ್ಲ. ಎಷ್ಟೋ ವರ್ಷದಿಂದ ತಲೆಯೊಳಗೆ ಬರೆದೇ ಇಟ್ಟಿದ್ದವನಂತೆ ಬರೆದ. ಹಲಗೆಯ ಆಚೆಯಿಂದ ಇದರ ಸದ್ದು ಎಂದೂ ಬಂದಿರಲಿಲ್ಲ. ಹುಡುಗಿ ಅದರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಗೆರೆ ತಿದ್ದಿ, ಯಂತ್ರಕ್ಕೆ ಕೊಟ್ಟಳು. ಚಾಕು ಇಳಿಯಿತು. ಅಜೀಮನ ಬಲಗೈ ಬೆನ್ನ ಹಿಂದೆಯೇ, ಗಾಳಿಯಲ್ಲೇ, ಅದರ ಜೊತೆ ತಿರುವುಗಳನ್ನು ತಿರುಗಿತು.

"ಇದನ್ನ ತಗೊಳ್ಳೋಣ," ಎಂದ.

"ತಗೊಳ್ಳೋಣ ಅಂದ್ರ? ನಿನ್ನ ಕೈ ಇರಬೇಕಾದ್ರ ಮಶೀನ್ ಯಾಕ ಬೇಕು?" ಎಂದು ಪಂಪಣ್ಣ ಗದರಿದ. ಬೆಳಿಗ್ಗೆ ಇದನ್ನೇ ಕೊಳ್ಳಲು ಹೊರಟವನು ತಾನೆಂಬುದು ಆ ಗಳಿಗೆಗೆ ಮರೆತೇ ಹೋಗಿತ್ತು. "ನಿನ್ನ ಕೈ ನೋಡಿ ಅಲ್ಲೇನು ಮಂದಿ ಬರೂದು?"

"ನನ್ನ ಕೈಗೆ ಬ್ಯಾಸರಾಗೇತಲೇ. ಹಗಲೆಲ್ಲಾ ನಾಕ ಗೀರು, ನಾಕ ಗೀರು, ಮತ್ತ ನಾಕ ಗೀರು. ಸೀದಾ ಗೆರಿ ಮಶೀನ್ ಎಳೀಲಿ. ನಾ ಇಂಥಾವು ಬರಕೋತ ಕುಂದರ್ತೀನಿ."

"ಹಂಗಾರ ನಿಂತಿದ್ದ ತಗೋ. ಗ್ವಾಡಿಗೆ ನಿಲ್ಲತೈತಿ. ಇದು ನನ್ನ ಅಂಗಡ್ಯಾಗೂ ಹಿಡ್ಯಂಗಿಲ್ಲ, ನಿನ್ನ ಅಂಗಡ್ಯಾಗೂ ಹಿಡ್ಯಂಗಿಲ್ಲ."

"ನಿಂತಿದ್ದರಾಗ ಇಡೀ ಹಾಳಿ ಹೋಗಂಗಿಲ್ಲ. ಕೇಳು ಬೇಕಾರ ಆ ತಂಗಿನ್ನ."

"ಹೌದ್ರಿ," ಎಂದಳು ಕವಿತಾ. "ಅದು ಸಣ್ಣ ಅಂಗಡಿಗೆ. ಇದು ದೊಡ್ಡ ಅಂಗಡಿಗೆ."

ಅಜೀಮ ಯಂತ್ರದ ತಲೆಯಿಂದ ಕಾಲಿನವರೆಗೆ ಗೇಣು ಹಾಕಿದ, ಗಾಳಿಯಲ್ಲೇ, ಮುಟ್ಟದೆ. ಆಮೇಲೆ ಪಂಪಣ್ಣನನ್ನು ನೋಡದೆ, ಯಂತ್ರಕ್ಕೆ ಹೇಳುವಂತೆ ಹೇಳಿದ.

"ಹಲಗಿ ತಗದ್ರ ಹಿಡಿತೈತಿ."

ಈ ಮಾತನ್ನು ತಾನೇ ಎಷ್ಟು ಸಲ ಹಲಗೆಯ ಈ ಕಡೆಯಿಂದ ಆಡಬಹುದಿತ್ತು ಎಂದು ಪಂಪಣ್ಣನಿಗೆ ಅನ್ನಿಸಿತು. ಆಚೆಗೆ ಕೇಳುವಂತೆ ಒಮ್ಮೆ ಮೆಲ್ಲಗೆ ಅಂದಿದ್ದರೂ ಸಾಕಿತ್ತು. ಅಷ್ಟು ತೆಳ್ಳಗಿತ್ತು ಅದು.

"ಹಲಗಿ ತಗದ್ರ ನಿನ್ನ ಕೆಮ್ಮು ಇನ್ನೂ ಜೋರ ಕೇಳತೈತಿ," ಎಂದ.

"ನಿನ್ನ ರೇಡಿಯೋ ಕೇಳಿ ಕೇಳಿ ನನ್ನ ಕಿವಿ ಹೋಗ್ಯಾವು. ಅದನ್ಯಾಕ ಜೋರ ಮಾಡ್ತಿದ್ದಿ ಅಂತ ನನಗ ಗೊತ್ತಿಲ್ಲ ಅನ್ಕೊಂಡಿಯೇನು? ಎದ್ದ ಬಂದು ಆ ಚಾಕು ಕಸಗೊಂಡು ಎಳದು ಕೊಡ್ಲ್ಯಾ ಅನಸ್ತಿತ್ತು. ಕೈ ಕಟ್ಟಿಕೊಂಡು ಕುಂದರ್ತಿದ್ದೆ."

ಹಾಗಾದರೆ ಆ ನಿಶ್ಶಬ್ದದಲ್ಲಿ ಅವನು ನಗುತ್ತಿರಲಿಲ್ಲ. ಪಂಪಣ್ಣ ಮಲಗಿದ ಯಂತ್ರದ ಅಂಚನ್ನು ಹಿಡಿದುಕೊಂಡ. ಈ ಸಲ ಹುಡುಗಿ ಕಲೆಯ ಮಾತೆತ್ತಲಿಲ್ಲ. "ತಂಗಿ," ಎಂದ, "ಇದನ್ನ ಗಂಗಾವತಿಗೆ ಹ್ಯಾಂಗ ಒಯ್ಯಬೇಕು ಹೇಳವಾ." ಕೂಡಲೇ ಅಜೀಮ ಸಾಗಣೆಯ ಬಗ್ಗೆ ಜಗಳ ತೆಗೆದ. ಮೇಲೆ ತಾಡಪಾಲು ಹೊದಿಸಬೇಕು, ಕಾಲುವೆ ರಸ್ತೆಯಿಂದ ಬೇಡ, ಕುಲುಕುತ್ತದೆ ಎಂದ. ಕಾಲುವೆ ರಸ್ತೆಯೇ ಸರಿಯೆಂದು ಪಂಪಣ್ಣ ಹಟ ಹಿಡಿದ. ವಾಪಸು ಬಸ್ಸಿನಲ್ಲಿ ಕಂಡಕ್ಟರು ಬಂದು ಸ್ವಲ್ಪ ಮೆಲ್ಲಗೆ ಮಾತಾಡಿರೆಂದು ಕೈಮುಗಿಯುವವರೆಗೂ ಇಬ್ಬರೂ ಅದೇ ರಸ್ತೆಯ ಮೇಲಿದ್ದರು. ಹೊರಗೆ ಗದ್ದೆಗಳ ಮೇಲೆ ಸಂಜೆಬಿಸಿಲು ಬಿದ್ದಿತ್ತು. ಇಂಥ ಬಿಸಿಲಿನಲ್ಲಿ ಮನುಷ್ಯ ಜಗಳವಾಡುತ್ತ ಊರಿಗೆ ಮರಳುವುದು ಎಷ್ಟು ಸುಖವೆಂದು ಪಂಪಣ್ಣನಿಗೆ ಅನ್ನಿಸಿತು. ಅದನ್ನು ಹೇಳಲು ಬರುವಂತಿರಲಿಲ್ಲ. "ನಿನಗ ರಸ್ತಾದ ಅಕಲಿಲ್ಲ" ಎಂದು ಮಾತ್ರ ಹೇಳಿದ.

ಯಂತ್ರ ಬಂದ ದಿನ ಓಣಿಯ ತುಂಬ ಜನ. ಹಲಗೆಯನ್ನು ಹಿಂದಿನ ದಿನವೇ ಕಿ‌ತ್ತಿದ್ದರು. ಅದಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಬಿಳಿಯ ಗೆರೆ ಉಳಿದಿತ್ತು, ಯಂತ್ರ ಅದರ ಮೇಲೆಯೇ ಅಡ್ಡ ಮಲಗಿತು. ತಾಜಬೀ ಮತ್ತು ಕಳಕಮ್ಮ ಬಾಗಿಲಲ್ಲಿ ನಿಂತಿದ್ದರು. "ಸೋದರತ್ತಿ ಮಗಳು ಆರಾಮದಾಳೇನ್ರಿ ತಾವರಗೇರ್ಯಾಗ?" ಎಂದು ಕಳಕಮ್ಮ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು. ತಾಜಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ತನ್ನ ಗಂಡ ಯಲಬುರ್ಗಾದಲ್ಲಿ ಯಾರದೋ ಮಯ್ಯತ್ತಿಗೆಂದು ಹೇಳಿ ಹೋಗಿದ್ದನೆಂದಳು. ಆ ಸತ್ತವರು ಯಾರೆಂದು ತಾನು ಈವರೆಗೂ ಕೇಳಿಲ್ಲ, ಪಾಪ, ಬದುಕಿದ್ದರೂ ಇರಬಹುದು ಎಂದಳು.

ಗುಂಡಿ ಒತ್ತುವವರು ಯಾರೆಂದು ಮತ್ತೆ ಮಾತು ಬೆಳೆಯಿತು. ಅಜೀಮ ರಟ್ಟಿನ ಹಾಳೆಯನ್ನು ಹಾಸಿ, ಅಂಚು ಸರಿಮಾಡಿ, ಕೆಮ್ಮಿ, ಹಿಂದೆ ಸರಿದು ನಿಂತುಬಿಟ್ಟ.

"ಒತ್ತಲೇ ಪಂಪಾ."

"ನೀನ ಒತ್ತು. ರಟ್ಟಿನ ಕೆಲಸ ನಿಂದು."

"ನಾ ಬರದೀನಿ. ನೀ ಒತ್ತು."

ಪಂಪಣ್ಣ ಒತ್ತಿದ. ಚಾಕು ಇಳಿದು, ಅಜೀಮ ಬರೆದ ಮೊಟ್ಟೆಯಾಕಾರದ ದಾರಿಯಲ್ಲಿ ಎಲ್ಲೂ ನಿಲ್ಲದೆ ಓಡಿ, ಹೊರಟಲ್ಲಿಗೇ ಬಂದು ಸೇರಿತು. ನಡುವಿನ ತುಂಡು ಪಟ್ ಎಂದು ಕಳಚಿತು. ಅಜೀಮ ರಟ್ಟನ್ನು ಎತ್ತಿ, ಅಂಚಿನ ದೂಳನ್ನು ಊದಿ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದನ್ನು ಪಂಪಣ್ಣನ ಮುಖದ ಮುಂದೆ ತಂದು, ಒಂದು ಕಣ್ಣು ಮುಚ್ಚಿ, ತುಸು ಎಡಕ್ಕೆ ಸರಿಸಿ, ತುಸು ಮೇಲೆತ್ತಿ, ಗಿರಾಕಿಯ ಫೋಟೋವನ್ನು ಕೂರಿಸುವಾಗ ನೋಡುವಷ್ಟೇ ಗಂಭೀರವಾಗಿ ನೋಡತೊಡಗಿದ.

"ಕುಂತೈತಿ," ಎಂದ. "ಬಾಯಿ ಮುಚ್ಚು. ಹಲ್ಲು ಹೊರಗ ಬಂದಾವು."

ಪಂಪಣ್ಣ ತುಟಿ ಕೂಡಿಸಲು ನೋಡಿದ. ಆಗಲಿಲ್ಲ. ಮತ್ತೊಮ್ಮೆ ನೋಡಿದ.